ಮಹಾಡ್ ನಮ್ಮ ಊರಿನ ದಾರಿಯಲ್ಲೇ ಇದೆ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ, ತುಳು, ಕೊಂಕಣಿ ಮನೆಗಳ ತಾಯಿತಂದೆಯರಿಗೆ,



ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಎಂಟರಿಂದ ಹದಿನಾಲ್ಕರೊಳಗಿನ ಮಗುವಿದ್ದರೆ ಈ ವರ್ಷ ಅದಕ್ಕೆ ಬಾಬಾಸಾಹೇಬ ಅಂಬೇಡ್ಕರರ ಒಂದು ಜೀವನಚರಿತ್ರೆ ತಂದುಕೊಡಿ. ತಂದು ಸುಮ್ಮನಾಗಬೇಡಿ, ಜೊತೆಗೆ ಕೂತು ಓದಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪುಟ ತಿರುವಿ ಒಂದು ಸಂಗತಿ ನೋಡಿಕೊಳ್ಳಿ: ಬಾಲಕ ಭೀಮನಿಗೆ ನೀರು ಕೊಡದವರು ಯಾರು, ಯಾಕೆ ಕೊಡಲಿಲ್ಲ ಎಂಬುದು ಅದರಲ್ಲಿ ಇದೆಯೇ? ಇಲ್ಲದಿದ್ದರೆ ಆ ಪುಸ್ತಕವನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಕೇಳಿ.

ಇಷ್ಟಕ್ಕೆ ಬಹಿರಂಗ ಪತ್ರ ಬೇಕಿತ್ತೇ ಎಂದು ನಿಮಗೆ ಅನ್ನಿಸಬಹುದು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಸೊಸೈಟಿ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಒಂದಿಷ್ಟು ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದುವುದು ನನ್ನ ರೂಢಿ. ಒಮ್ಮೆ ಮಹಾಪುರುಷರ ಕಿರುಪರಿಚಯಗಳ ಒಂದು ಪುಸ್ತಕ ಓದುತ್ತಿದ್ದೆವು. ಮಹಾಡದ ಕೆರೆಯ ಬಗ್ಗೆ ಅದರಲ್ಲಿ ಇದ್ದದ್ದು ಎರಡೇ ವಾಕ್ಯ: ಅಸ್ಪೃಶ್ಯರಿಗೆ ನೀರು ಮುಟ್ಟಲು ಬಿಡುತ್ತಿರಲಿಲ್ಲ, ಅಂಬೇಡ್ಕರರು ಹೋರಾಡಿದರು. ಐದನೇ ಕ್ಲಾಸಿನ ಹುಡುಗನೊಬ್ಬ ತಟ್ಟನೆ ಕೇಳಿದ, “ಬ್ರಿಟಿಷರು ಬಿಡ್ತಿರ್ಲಿಲ್ವಾ ಆಂಟಿ?” ಉಳಿದ ಮಕ್ಕಳೂ ಹೌದು ಹೌದು ಎಂದು ತಲೆಯಾಡಿಸಿದರು.

ಹುಡುಗನ ತಪ್ಪೇನೂ ಇಲ್ಲ. ಅವನು ಅದುವರೆಗೆ ಓದಿದ್ದ ಜೀವನಚರಿತ್ರೆಗಳಲ್ಲೆಲ್ಲ ಕೇಡು ಮಾಡುವವನು ಹಡಗು ಹತ್ತಿ ಹೊರಗಿನಿಂದ ಬಂದವನೇ. ಅಂಬೇಡ್ಕರರ ಕಥೆಗೂ ಅದೇ ಅಚ್ಚು ಹಾಕಿ ನೋಡಿದ, ಅಷ್ಟೆ. ಹಾಗೆ ನೋಡಲು ಜಾಗ ಬಿಟ್ಟುಕೊಟ್ಟದ್ದು ಪುಸ್ತಕ. ನಮ್ಮ ಮಕ್ಕಳಿಗೆಂದು ಬರೆದ ಎಷ್ಟೋ ಪರಿಚಯಗಳಲ್ಲಿ ಈ ಮನುಷ್ಯನ ಬದುಕು ಹೀಗೆ ಸಾಗುತ್ತದೆ: ಬಡತನ, ಕಷ್ಟಪಟ್ಟು ಓದು, ಅಮೆರಿಕ, ಲಂಡನ್, ಸಂವಿಧಾನ, ಜೈಕಾರ. ನಡುವೆ ‘ಅನೇಕ ಅವಮಾನಗಳನ್ನು ಎದುರಿಸಿ’ ಎಂಬ ಒಂದು ಸಾಲು. ಅವಮಾನ ಮಾಡಿದವರು ಯಾರು, ಅವರು ಯಾವ ಭಾಷೆ ಆಡುತ್ತಿದ್ದರು, ಯಾವ ದೇವರಿಗೆ ಕೈ ಮುಗಿಯುತ್ತಿದ್ದರು ಎಂಬುದೊಂದೂ ಇಲ್ಲ. ಬಡವನೊಬ್ಬ ಪರಿಶ್ರಮದಿಂದ ಮೇಲೆ ಬಂದ ಎಂಬ ಕಥೆ ನಮಗೆ ಹಿತ. ಮಗುವಿಗೆ ‘ನೋಡು, ನೀನೂ ಹೀಗೆ ಓದಬೇಕು’ ಎನ್ನಬಹುದು. ಸಂಘದ ವಾರ್ಷಿಕೋತ್ಸವದ ವೇಷಸ್ಪರ್ಧೆಯಲ್ಲಿ ನೀಲಿ ಕೋಟು, ದುಂಡು ಕನ್ನಡಕ ಹಾಕಿಸಿ, ಕೈಗೆ ಒಂದು ದಪ್ಪ ಪುಸ್ತಕ ಕೊಟ್ಟು ವೇದಿಕೆ ಹತ್ತಿಸುವುದಕ್ಕೂ ಅಷ್ಟು ಕಥೆ ಸಾಕು. ಮಕ್ಕಳು ಚಂದ ಕಾಣುತ್ತಾರೆ, ನಾನೂ ಚಪ್ಪಾಳೆ ತಟ್ಟಿದ್ದೇನೆ. ಆದರೆ ಆ ಕೋಟಿನೊಳಗಿನ ಮನುಷ್ಯ ಹತ್ತು ವರ್ಷದವನಿದ್ದಾಗ ಅವನಿಗೆ ಏನಾಯಿತು ಎಂದು ಆ ಮಗುವನ್ನು ಕೇಳಿ ನೋಡಿ.

ಆದದ್ದನ್ನು ಅವರೇ ಬರೆದಿಟ್ಟಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಆತ್ಮಕಥನದ ಮೊದಲ ಪ್ರಸಂಗವೇ ಅದು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪ್ರಯಾಣದ ಕಥೆ ನನಗೆ ಗೊತ್ತಿಲ್ಲ.

1901ನೇ ಇಸವಿ. ಸಾತಾರದಲ್ಲಿ ತಾಯಿಯಿಲ್ಲದ ಮಕ್ಕಳು. ಅಪ್ಪ ರಾಮಜಿ ದೂರದ ಖಟಾವ್ ತಾಲ್ಲೂಕಿನ ಒಂದು ಊರಿನಲ್ಲಿ ಕ್ಯಾಷಿಯರ್. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ರಜೆಗೆ ಬನ್ನಿ ಎಂದು ಅಪ್ಪನ ಕಾಗದ ಬಂತು. ಭೀಮ, ಅವನ ಅಣ್ಣ, ಅಕ್ಕನ ಮಕ್ಕಳು ಹೊರಟರು. ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಬೂಟು, ಮೊದಲ ರೈಲು ಪ್ರಯಾಣದ ಸಡಗರ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಇಲ್ಲ. ಇವರು ಬರುವ ಸುದ್ದಿಯೇ ಅಪ್ಪನಿಗೆ ತಲುಪಿರಲಿಲ್ಲ. ಸ್ಟೇಷನ್ ಮಾಸ್ತರರು ಅನುಕಂಪದಿಂದಲೇ ವಿಚಾರಿಸಿದರು. ಬಟ್ಟೆಬರೆ ನೋಡಿ ಮೇಲ್ಜಾತಿಯ ಮಕ್ಕಳೆಂದುಕೊಂಡಿದ್ದರು. ನಾವು ಮಹಾರರು ಎಂದು ಮಕ್ಕಳ ಬಾಯಿಂದ ಬಂದ ಕೂಡಲೇ ಅವರ ಮುಖವೇ ಬದಲಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಾಲು ಬಾಡಿಗೆಗೆ ಒಪ್ಪಿದ, ಅದೂ ಒಂದು ಷರತ್ತಿನ ಮೇಲೆ: ಎತ್ತು ಹೊಡೆಯುವುದು ಮಕ್ಕಳ ಕೆಲಸ, ಗಾಡಿಯ ಒಡೆಯ ಪಕ್ಕದಲ್ಲಿ ನಡೆದು ಬರುವುದು.

ಬುತ್ತಿ ಇತ್ತು, ನೀರಿರಲಿಲ್ಲ. ದಾರಿಯಲ್ಲಿ ತೋರಿಸಿದ್ದು ಸಗಣಿ ನಾರುವ ಕೆಸರುಗುಂಡಿ. ರಾತ್ರಿ ಸುಂಕದ ಕಟ್ಟೆಗೆ ಬಂದಾಗ, ಮುಸಲ್ಮಾನರೆಂದು ಹೇಳಿದರೆ ನೀರು ಸಿಕ್ಕೀತು ಎಂದು ಗಾಡಿಯವನು ಉಪಾಯ ಹೇಳಿಕೊಟ್ಟ. ಭೀಮ ಉರ್ದುವಿನಲ್ಲಿ ಕೇಳಿಯೂ ನೋಡಿದ. ಸುಂಕದವನು ಕೊಡಲಿಲ್ಲ. ಬುತ್ತಿಯಲ್ಲಿ ಅನ್ನವಿದ್ದೂ ಉಪವಾಸ ಮಲಗಿದರು. ನೀರಿಲ್ಲದೆ ಹೇಗೆ ಉಣ್ಣುವುದು? ಕೆರೆ ತೋಡಿಸುವ ಕೆಲಸಕ್ಕೆ ಲೆಕ್ಕ ಬರೆಯುತ್ತಿದ್ದವರ ಮಕ್ಕಳು ಇವರು.

ಇದನ್ನು ಓದಿದಾಗ ಯಾವ ಮಗುವೂ ‘ಮುಂದೆ ಅವರು ಕಾನೂನು ಮಂತ್ರಿ ಆದರಂತೆ’ ಎಂದು ಸಮಾಧಾನಪಟ್ಟುಕೊಳ್ಳುವುದಿಲ್ಲ. ಅದು ಕೇಳುವ ಪ್ರಶ್ನೆಗಳೇ ಬೇರೆ. ಸುಳ್ಳು ಹೇಳಿದ್ದು ತಪ್ಪಲ್ಲವಾ? ಗಾಡಿಯವನು ಒಳ್ಳೆಯವನಾ, ಕೆಟ್ಟವನಾ? ಅವನು ಬಳಿಗೆ ಸೇರಿಸಲಿಲ್ಲ, ಆದರೆ ಉಪಾಯವನ್ನೂ ಹೇಳಿಕೊಟ್ಟನಲ್ಲ? ಇಂಥ ಪ್ರಶ್ನೆಗಳಿಗೆ ನಮ್ಮಲ್ಲೂ ಸಿದ್ಧ ಉತ್ತರಗಳಿಲ್ಲ. ಅವು ಹುಟ್ಟಲಿ ಎಂದೇ ಈ ಓದು.

ಬಾಲ್ಯದಲ್ಲಿ ಕೈಗೆ ಬಂದ ಒಂದು ಜೀವನಚರಿತ್ರೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ಅಂಬೇಡ್ಕರರನ್ನೇ ನೋಡಬೇಕು. ಮುಂಬಯಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ಹುಡುಗ ಪರೀಕ್ಷೆ ಪಾಸಾದನೆಂದು ಸಮುದಾಯದವರು ಒಂದು ಅಭಿನಂದನಾ ಸಭೆ ಮಾಡಿದರು. ಆಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟರು ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಚರ್ನಿ ರೋಡಿನ ಉದ್ಯಾನದಲ್ಲಿ ಕೂತು ಓದುತ್ತಿದ್ದ ಹುಡುಗನನ್ನು ಗುರುತಿಸಿ ಮಾತಾಡಿಸಿದ್ದವರು ಅವರೇ. ಆ ಓದಿನ ಬಗ್ಗೆ ಅಂಬೇಡ್ಕರರು ತಮ್ಮ ಕೊನೆಯ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ನೆನೆದಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧರಾದ ದಾರಿ ಆ ಉಡುಗೊರೆಯ ಬಳಿಯಿಂದಲೇ ಹೊರಟದ್ದು. ಹುಟ್ಟುಹಬ್ಬಗಳಿಗೆ ರಿಮೋಟ್ ಕಾರು ಕೊಡುವ ನಮಗೆ ಕೇಳುಸ್ಕರರ ನೆನಪು ಒಮ್ಮೊಮ್ಮೆಯಾದರೂ ಬರಲಿ.

ಇನ್ನು ಮಹಾಡದ ಮಾತು. ಅದು ಯಾವುದೋ ದೂರದೂರು ಎಂಬಂತೆ ಮಾತಾಡುತ್ತೇವೆ. ಮೇ ರಜೆಯಲ್ಲಿ ಕಾರು ತೆಗೆದುಕೊಂಡು ಊರಿಗೆ ಹೋಗುವ ನಿಮಗೆ ಪನ್ವೇಲದಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 66 ಮಹಾಡವನ್ನು ಹಾದು, ಚಿಪ್ಳೂಣ್ ದಾಟಿ, ಗೋವಾ ಕಳೆದು, ಕಾರವಾರ, ಉಡುಪಿ, ಮಂಗಳೂರು ಮುಟ್ಟುತ್ತದೆ. ರೈಲಿನವರಿಗೆ ರೋಹಾ ಬಿಟ್ಟ ಮೇಲೆ ಬರುವ ವೀರ್ ನಿಲ್ದಾಣವೇ ಮಹಾಡಕ್ಕೆ ಹತ್ತಿರ. ಮಕ್ಕಳು ಆ ಹೊತ್ತಿಗೆ ಮೊಬೈಲಿನಲ್ಲಿ ಮುಳುಗಿರುತ್ತಾರೆ, ನಾವು ಮುಂದಿನ ಚಹಾ ಎಲ್ಲಿ ಎಂಬ ಚರ್ಚೆಯಲ್ಲಿರುತ್ತೇವೆ.

ಈ ಸಲ ಹೆದ್ದಾರಿ ಬಿಟ್ಟು ಪೇಟೆಯೊಳಗೆ ಹೋಗಿ ಚವದಾರ್ ಕೆರೆಯ ಬಳಿ ಇಳಿಯಿರಿ. ಅಲ್ಲಿ ಹೇಳಬೇಕಾದ ಕಥೆ ಮಕ್ಕಳಿಗೆ ಖಂಡಿತ ರುಚಿಸುತ್ತದೆ, ಏಕೆಂದರೆ ಅದರಲ್ಲಿ ಸಿಟ್ಟು ಬರಿಸುವ ಸರ್ಕಾರಿ ವಿಳಂಬವಿದೆ, ಹೊಡೆದಾಟವಿದೆ, ಕೋರ್ಟಿದೆ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸೀತಾರಾಮ ಕೇಶವ ಬೋಲೆಯವರು ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂಬ ನಿರ್ಣಯ ಮಂಡಿಸಿ ಪಾಸು ಮಾಡಿಸಿದರು. (ಬೋಲೆಯವರು ಭಂಡಾರಿ ಸಮುದಾಯದವರು, ಶೇಂದಿ ಇಳಿಸುವ ಕುಲಕಸುಬಿನವರು; ನಮ್ಮ ಬಿಲ್ಲವ ಓದುಗರು ಇದನ್ನು ಮಕ್ಕಳಿಗೆ ತಪ್ಪದೆ ಹೇಳಬಹುದು.) ಮರುವರ್ಷ ಮಹಾಡದ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಕೆರೆ ತೆರೆಯಿತು, ದಂಡೆಯಲ್ಲಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರೂ ಅವರ ಜೊತೆ ಸಾವಿರಾರು ಜನರೂ ಮೆರವಣಿಗೆಯಲ್ಲಿ ಹೋಗಿ ನೀರು ಕುಡಿದರು. ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಗಾಳಿಸುದ್ದಿ ಹಬ್ಬಿ, ಊಟಕ್ಕೆ ಕೂತಿದ್ದವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಊರವರು ಕೊಡಗಟ್ಟಲೆ ಗೋಮೂತ್ರ, ಸಗಣಿ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಮಗು ಇಲ್ಲಿ ನಗುತ್ತದೆ; ನಗಲಿ. ಜಗಳ ಕೋರ್ಟು ಹತ್ತಿತು; ಅಸ್ಪೃಶ್ಯರಿಗೂ ಈ ಕೆರೆಯ ಹಕ್ಕಿದೆ ಎಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟದ್ದು 1937ರ ಮಾರ್ಚ್‌ನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇದೇ ಕಥೆಯಲ್ಲಿ ಅಂಬೇಡ್ಕರರ ಪರ ನಿಂತ ಮಹಾಡ ಪುರಸಭೆಯ ಅಧ್ಯಕ್ಷ ಸುರೇಂದ್ರನಾಥ ಟಿಪ್ಣಿಸ್ ಇದ್ದಾರೆ, ಬ್ರಾಹ್ಮಣರಾದ ಗಂಗಾಧರ ಸಹಸ್ರಬುದ್ಧೆ ಇದ್ದಾರೆ. ಅದೇ 1927ರ ಡಿಸೆಂಬರ್ 25ರಂದು ಮಹಾಡದಲ್ಲೇ ಮನುಸ್ಮೃತಿ ಸುಡುವಾಗ ಮುಂದೆ ನಿಂತವರು ಸಹಸ್ರಬುದ್ಧೆಯವರೇ. ಯಾವ ಮನೆಯಲ್ಲಿ ಹುಟ್ಟಿದರೂ ಯಾವ ಕಡೆ ನಿಲ್ಲಬೇಕೆಂದು ಆರಿಸಿಕೊಳ್ಳಬಹುದು ಎಂಬುದು ಮಗುವಿಗೆ ಇವರಿಂದ ತಿಳಿಯುತ್ತದೆ. ಒಳ್ಳೆಯ ಮಕ್ಕಳ ಪುಸ್ತಕ ಇಂಥವರನ್ನು ಬಿಡುವುದಿಲ್ಲ. ನಾಯಕನನ್ನು ಒಂಟಿ ವೀರನನ್ನಾಗಿ ನಿಲ್ಲಿಸಿದ ಪುಸ್ತಕಗಳ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಗುಮಾನಿ.

ಆ ಹೆದ್ದಾರಿಯಲ್ಲೇ ಮುಂದುವರಿದು ಮಂಗಳೂರು ಸೇರಿದಿರಿ ಅನ್ನಿ. ಅಲ್ಲಿನ ಪುರಭವನದಲ್ಲಿ ಯಕ್ಷಗಾನವನ್ನೋ ಸನ್ಮಾನವನ್ನೋ ನೋಡದವರು ನಮ್ಮಲ್ಲಿ ಕಡಿಮೆ. ಅದರ ಪೂರ್ತಿ ಹೆಸರು ಕುದ್ಮುಲ್ ರಂಗರಾವ್ ಸ್ಮಾರಕ ಪುರಭವನ. ರಂಗರಾಯರು ಯಾರು ಎಂದು ನಿಮ್ಮ ಮಗು ಕೇಳಿದರೆ? 1859ರಲ್ಲಿ ಹುಟ್ಟಿದ, ವಕೀಲರಾಗಿದ್ದ ಸಾರಸ್ವತ ಬ್ರಾಹ್ಮಣ. ಮಂಗಳೂರಿನಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದವರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ಸ್ವಂತ ಜಾತಿಯವರು ದೂರವಿಟ್ಟರು. 1928ರಲ್ಲಿ ಕಣ್ಣು ಮುಚ್ಚುವ ಮುನ್ನ ಅವರ ಕೋರಿಕೆ ಏನಿತ್ತು ಗೊತ್ತೇ: ತನ್ನ ಶವಸಂಸ್ಕಾರ ಊರಿನ ತೋಟಿಗಳ ಕೈಯಿಂದ ಆಗಲಿ. ಮಹಾಡದ ಕೆರೆಗೆ ಮೂವತ್ತು ವರ್ಷ ಮೊದಲೇ ನಮ್ಮ ಕರಾವಳಿಯಲ್ಲಿ ಇಂಥದ್ದೊಂದು ಕೆಲಸ ನಡೆದಿತ್ತು. ಕನ್ನಡ ಮಗುವಿಗೆ ಹೇಳುವಾಗ ಇಬ್ಬರ ಹೆಸರನ್ನೂ ಒಂದೇ ಉಸಿರಿಗೆ ಹೇಳಬಹುದು, ಆದರೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರಂಗರಾಯರು ಹೊರಗಿನಿಂದ ಕೈ ಚಾಚಿದವರು; ಅಂಬೇಡ್ಕರರು ಬಾಯಾರಿಕೆಯನ್ನು ತಾವೇ ಅನುಭವಿಸಿದವರು, ಹಕ್ಕು ಎಂದು ಕೇಳಿದವರು. ಈ ವ್ಯತ್ಯಾಸ ಹತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ, ನನ್ನ ಮಾತು ನಂಬಿ.

ನವಿಮುಂಬಯಿಯವರಿಗೆ ಇನ್ನೂ ಹತ್ತಿರದ ಕಥೆಯೊಂದಿದೆ. ನೆರುಳ್, ಉಲ್ವೆ, ಖಾರ್‌ಘರ್‌ಗಳ ನಿಮ್ಮ ಫ್ಲಾಟುಗಳ ಕೆಳಗೆ ಆಗರಿ, ಕೋಳಿ ಜನರ ಗದ್ದೆ, ಉಪ್ಪಿನಗದ್ದೆಗಳಿದ್ದವು. 1970ರಲ್ಲಿ ಈ ನಗರ ಕಟ್ಟಲೆಂದು ಸಿಡ್ಕೋ ಹುಟ್ಟಿ ತೊಂಬತ್ತೈದು ಹಳ್ಳಿಗಳ ಭೂಮಿ ಹೋಯಿತು. ಜಾಸಯಿಯ ದಿ. ಬಾ. ಪಾಟೀಲರು ಅವರ ಪರ ನಿಂತರು. 1984ರ ಜನವರಿ 16 ಮತ್ತು 17ರಂದು ಪೊಲೀಸರ ಗುಂಡಿಗೆ ಐವರು ಸತ್ತರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡ ಹನ್ನೆರಡೂವರೆ ಪಾಲು ಎಂಬುದು ಆ ಹೋರಾಟದ ಫಲ. ಹೊಸ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರೇ ಬೇಕೆಂದು 2021ರ ಜೂನ್‌ನಲ್ಲಿ ಬೇಲಾಪುರದಲ್ಲಿ ಸೇರಿದ ಜನಸಾಗರವನ್ನು ನಿಮ್ಮ ಬಾಲ್ಕನಿಯಿಂದಲೇ ಕಂಡಿರುತ್ತೀರಿ. ಮಗುವಿಗೆ ವಿಮಾನ ತೋರಿಸುವಾಗ ಇವರ ಹೆಸರನ್ನೂ ಹೇಳಿ.

ನಿಮ್ಮಲ್ಲಿ ಕೆಲವರು ನನಗೆ ಹೇಳಿದ ಆಕ್ಷೇಪಗಳಿವೆ. ಮೊದಲನೆಯದು ಭಾಷೆ: ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ನಿಜ, ಸಂಘಗಳ ಕನ್ನಡ ಕಲಿಕಾ ತರಗತಿಗಳಿಗೂ ಎಲ್ಲರೂ ಕಳಿಸುವುದಿಲ್ಲ. ಆದರೆ ಶಾಲೆಯಲ್ಲಿ ಅವರು ಮರಾಠಿ ಓದುತ್ತಾರೆ, ಮರಾಠಿಯಲ್ಲಿ ಬಾಬಾಸಾಹೇಬರ ಪುಸ್ತಕಗಳಿಗೆ ಬರವಿಲ್ಲ. ಮಗು ಮರಾಠಿಯಲ್ಲಿ ಒಂದು ಪುಟ ಗಟ್ಟಿಯಾಗಿ ಓದಲಿ, ನೀವು ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಿ. ನಮ್ಮ ಭಾನುವಾರದ ಓದು ನಡೆಯುವುದೇ ಹೀಗೆ. ತಪ್ಪು ಅನುವಾದಕ್ಕೆ ಮಕ್ಕಳು ನನ್ನನ್ನು ಹಿಡಿದು ಹಾಕಿದಾಗ ಅವರಿಗಾಗುವ ಖುಷಿಯನ್ನು ನೀವು ನೋಡಬೇಕು. ಇನ್ನೂ ಚಿಕ್ಕವರಿಗೆ ಚಿತ್ರಕಥೆಗಳಿವೆ. ಅಮರ ಚಿತ್ರ ಕಥೆಯ ಅನಂತ ಪೈಗಳು ಕಾರ್ಕಳದಿಂದ ಮುಂಬಯಿಗೆ ಬಂದ ಹುಡುಗ, ನಮ್ಮವರೇ. ಆ ಮಾಲೆಯಲ್ಲಿ ಅಂಬೇಡ್ಕರರ ಸಂಚಿಕೆ 1979ರಲ್ಲೇ ಬಂತು.

ಚಿತ್ರಕಥೆ ಎಂದರೆ ಹಗುರ ಎನ್ನುವವರಿಗೆ ಒಂದು ಸಂಗತಿ. 1957ರಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಮೇಲೆ ಹತ್ತು ಸೆಂಟಿನ ಒಂದು ಕಾಮಿಕ್ ಬಂತು. ಹದಿನಾರೇ ಪುಟ. ಹೊಡೆಸಿಕೊಂಡೂ ಕೈ ಎತ್ತದಿರುವುದು ಹೇಗೆ ಎಂಬುದನ್ನು ಅದು ಹಂತಹಂತವಾಗಿ ಹೇಳಿಕೊಟ್ಟಿತು. ಕರಿಯ ವಿದ್ಯಾರ್ಥಿಗಳ ಕೈಯಿಂದ ಕೈಗೆ ಹೋದ ಆ ಪುಸ್ತಿಕೆಯನ್ನು ಹೋರಾಟದಲ್ಲಿ ತಲೆಬುರುಡೆ ಒಡೆಸಿಕೊಂಡ ಜಾನ್ ಲೂಯಿಸ್ ಮರೆಯಲಿಲ್ಲ. ಸಂಸದರಾಗಿ ವಯಸ್ಸಾದ ಮೇಲೆ ತಮ್ಮ ಬದುಕನ್ನು ಎಳೆಯರಿಗೆ ಹೇಳಲು ಅವರು ಆರಿಸಿಕೊಂಡದ್ದೂ ಚಿತ್ರಕಥೆಯನ್ನೇ. ‘ಮಾರ್ಚ್’ ಎಂಬ ಅದರ ಮೂರು ಸಂಪುಟಗಳಲ್ಲಿ ಕೊನೆಯದಕ್ಕೆ 2016ರ ನ್ಯಾಷನಲ್ ಬುಕ್ ಅವಾರ್ಡ್ ಬಂತು. ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಪಾಠದಲ್ಲಿ ಸಿಗುತ್ತಾರೆ. ಮಾಂಟ್‌ಗೊಮರಿ ಎಲ್ಲಿದೆ ಎಂದು ಅವರು ಹೇಳಬಲ್ಲರು. ವೀರ್ ಸ್ಟೇಷನ್ ಎಲ್ಲಿದೆ ಎಂದು ಕೇಳಿ ನೋಡಿ.

ಎರಡನೆಯ ಆಕ್ಷೇಪವನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ನನಗೆ ಕೇಳಿಸುತ್ತದೆ. ಇಷ್ಟು ಚಿಕ್ಕ ವಯಸ್ಸಿಗೆ ಜಾತಿ ಗೀತಿ ಯಾಕೆ ತಲೆಗೆ ತುಂಬಬೇಕು? ತುಂಬುವವರು ನಾವಲ್ಲ, ಅದು ಆಗಲೇ ಮನೆಯಲ್ಲಿದೆ. ಕೆಲಸದ ಬಾಯಿಗೆಂದು ಸಿಂಕಿನ ಕೆಳಗೆ ಬೇರೆ ಇಟ್ಟಿರುವ ಕಪ್ಪು ಮಗುವಿನ ಕಣ್ಣಿಗೆ ಬಿದ್ದೇ ಇರುತ್ತದೆ. ಫೋನಿನಲ್ಲಿ ಸಂಬಂಧದ ಮಾತಾಡುವಾಗ ‘ಅವರು ಯಾವ ಪೈಕಿ’ ಎಂದು ನಾವು ಕೇಳುವುದನ್ನು ಅದು ಹೋಂವರ್ಕ್ ಮಾಡುತ್ತಲೇ ಕೇಳಿಸಿಕೊಂಡಿರುತ್ತದೆ. ಮಸೂರ್ ಸ್ಟೇಷನ್ನಿನ ಕಥೆ ಓದಿದ ಮಗು ಆ ಕಪ್ಪಿನ ಬಗ್ಗೆ ಕೇಳಿದರೆ ಏನು ಹೇಳುವುದು ಎಂಬುದೇ ನಮ್ಮ ನಿಜವಾದ ಅಂಜಿಕೆ. ಆ ದಿನ ಕಪ್ಪು ಬದಲಾದರೆ ಪುಸ್ತಕದ ದುಡ್ಡು ವಸೂಲಾಯಿತು ಎಂದುಕೊಳ್ಳಿ.

ಕೊನೆಯದಾಗಿ ಡಿಸೆಂಬರ್ ಆರು, ಬಾಬಾಸಾಹೇಬರು ತೀರಿಕೊಂಡ ದಿನ. ಆ ದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶ ಒಂದೇ: ದಾದರ್ ಕಡೆ ಹೋಗಬೇಡಿ, ವಿಪರೀತ ಗರ್ದಿ. ಗರ್ದಿ ಹೌದು. 1956ರಲ್ಲಿ ಬಾಬಾಸಾಹೇಬರ ಅಂತ್ಯಸಂಸ್ಕಾರವಾದ ಚೈತ್ಯಭೂಮಿಗೆ ದೇಶದ ಎಲ್ಲೆಡೆಯಿಂದ, ನಮ್ಮ ಬೆಳಗಾವಿ, ಕಲಬುರಗಿಗಳಿಂದಲೂ ಜನ ಬರುತ್ತಾರೆ. ಆ ಗರ್ದಿಯೊಳಗೆ ಒಮ್ಮೆ ಹೋಗಿ ನಾನು ಕಂಡದ್ದನ್ನು ಹೇಳುತ್ತೇನೆ. ಶಿವಾಜಿ ಪಾರ್ಕಿನ ಸುತ್ತ ಸಾಲುಸಾಲಾಗಿ ಪುಸ್ತಕದ ಅಂಗಡಿಗಳು. ರಾತ್ರಿಯಿಡೀ ಜನರಲ್ ಬೋಗಿಯಲ್ಲಿ ನಿಂತು ಬಂದ ಹೆಂಗಸರು ಸೆರಗಿನ ಗಂಟು ಬಿಚ್ಚಿ ಪುಸ್ತಕ ಕೊಳ್ಳುತ್ತಿದ್ದರು. ಓದು ಬಾರದ ಒಬ್ಬ ಅಜ್ಜಿ ಮೊಮ್ಮಗಳಿಗೆಂದು ಮೂರು ಕಿರುಪುಸ್ತಕ ಆರಿಸಿ, ಯಾವುದರಲ್ಲಿ ಚಿತ್ರ ಹೆಚ್ಚಿದೆ ಎಂದು ನನ್ನನ್ನೇ ಕೇಳಿದರು. ಇಷ್ಟು ಪುಸ್ತಕ ಮಾರುವ, ಇಷ್ಟು ಶ್ರದ್ಧೆಯಿಂದ ಕೊಳ್ಳುವ ಇನ್ನೊಂದು ಜಾತ್ರೆಯನ್ನು ನಾನು ಮುಂಬಯಿಯಲ್ಲಿ ಕಂಡಿಲ್ಲ. ಬೆಳಿಗ್ಗೆ ಬೇಗ ಒಂದು ಲೋಕಲ್ ಹಿಡಿದು ಮಗುವನ್ನು ಕರೆದುಕೊಂಡು ಹೋಗಿ. ನೀರಿನ ಬಾಟಲಿ, ಟೋಪಿ ಇರಲಿ. ಪುಸ್ತಕ ಆರಿಸುವುದನ್ನು ಮಗುವಿಗೇ ಬಿಡಿ.

ಸಂಘಗಳ ಪದಾಧಿಕಾರಿಗಳೂ ಈ ಪತ್ರ ಓದುತ್ತಿದ್ದರೆ ಅವರಲ್ಲೊಂದು ಬಿನ್ನಹ: ಮುಂದಿನ ವಾರ್ಷಿಕೋತ್ಸವದಲ್ಲಿ ಗೆದ್ದ ಮಕ್ಕಳಿಗೆ ಕೊಡುವ ಸ್ಟೀಲ್ ಡಬ್ಬಿಯ ಬದಲು ಒಂದೊಂದು ಜೀವನಚರಿತ್ರೆ ಕೊಡಿ. ಕುದ್ಮುಲ್ ರಂಗರಾಯರ ಮೇಲೆ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ, ಎಡಪುಟ ಕನ್ನಡ, ಬಲಪುಟ ಮರಾಠಿ, ನೀವೇ ಅಚ್ಚು ಹಾಕಿಸುವುದಾದರೆ ಬರೆಯುವ, ಕರಡು ತಿದ್ದುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ, ಸಂಭಾವನೆ ಬೇಡ. ಚಿತ್ರ ಬರೆಯುವವರನ್ನು ಮಾತ್ರ ನೀವು ಹುಡುಕಬೇಕು. ಅವರಿಗೆ ಸರಿಯಾದ ಸಂಭಾವನೆ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಭಾನುವಾರದ ಓದಿನ ಆಂಟಿ
ಡೊಂಬಿವಲಿ ಪೂರ್ವ